ಕ್ಷೇತ್ರ ಯಾರ ಪಾಲಾದೀತು?



ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಅಧ್ಯಕ್ಷ ಪದವಿಗಾಗಿ ಚುನಾವಣೆ ನಡೆಯುವ ಕಾಲದಲ್ಲಿ, ಆ ದೇಶದ ಐವತ್ತು ರಾಜ್ಯಗಳ ಪೈಕಿ ನಲವತ್ತಕ್ಕೂ ಮಿಕ್ಕ ರಾಜ್ಯಗಳ ಮಾತನ್ನು ಯಾರೂ ಎತ್ತುವುದಿಲ್ಲ. ಅವುಗಳ ಒಲವು ಯಾವ ಪಕ್ಷದ ಕಡೆಗೆಂಬುದು ಬಹುಕಾಲದಿಂದ ನಿಶ್ಚಿತವಾಗಿರುವುದರಿಂದ, ಪಂಡಿತರ ಗಮನವೂ ಅಭ್ಯರ್ಥಿಗಳ ಪರ್ಯಟನವೂ ಈಚಿನ ಚುನಾವಣೆಗಳಲ್ಲಿ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಅರಿಜೋನಾ, ನೆವಾಡಾ, ಉತ್ತರ ಕೆರೊಲಿನಾ ಎಂಬ ಏಳೇ ಏಳು ರಾಜ್ಯಗಳಲ್ಲಿ ಬಂದು ನೆಲೆಸುತ್ತವೆ. ಅಲ್ಲಿನ ಅಧ್ಯಕ್ಷರನ್ನು ಆರಿಸುವ ನಿರ್ವಾಚಕರು ಒಟ್ಟು 538 ಮಂದಿ; ಅವರಲ್ಲಿ 270 ಮಂದಿಯನ್ನು ದೊರಕಿಸಿಕೊಂಡವರೇ ಅಧ್ಯಕ್ಷರು; ಮೇನ್ ಮತ್ತು ನೆಬ್ರಾಸ್ಕಾ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದೆಡೆಯಲ್ಲೆಲ್ಲ, ಒಂದೇ ಒಂದು ಮತದಿಂದ ಮುಂದಾದವರಿಗೂ ಆ ರಾಜ್ಯದ ನಿರ್ವಾಚಕರೆಲ್ಲರೂ ಸಲ್ಲುವರು. 2000ದಲ್ಲಿ ಫ್ಲಾರಿಡಾ ರಾಜ್ಯದ 537 ಮತಗಳು ಒಂದು ಮಹಾದೇಶದ ಅಧಿಕಾರವನ್ನು ನಿರ್ಣಯಿಸಿದುವು. 2020ರಲ್ಲಿ ಅರಿಜೋನಾ 10,457 ಮತಗಳಿಂದಲೂ ಜಾರ್ಜಿಯಾ 11,779 ಮತಗಳಿಂದಲೂ ಪಕ್ಷ ಬದಲಿಸಿದುವು. 2024ರಲ್ಲಿ ಆ ಏಳು ರಾಜ್ಯಗಳೂ ಒಂದೇ ಕಡೆಗೆ ವಾಲಿದುವು.

ತಡಿಯಂಡಮೋಳ್ ಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಕಕ್ಕಬೆಯಲ್ಲಿಯೂ, ಮಕ್ಕಳನ್ನೋ ಮೊಮ್ಮಕ್ಕಳನ್ನೋ ಆ ದೇಶಕ್ಕೆ ಕಳುಹಿಸಿರುವ ಮನೆಗಳ ಹಿರಿಯರು ಈ ಲೆಕ್ಕವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟೇ ಶ್ರದ್ಧೆಯಿಂದ ನಮ್ಮ ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಅಂಕಿಗಳನ್ನು ಓದಿದವರು ವಿರಳ. ಓದಿದ್ದರೆ, ಕ್ಷೇತ್ರವೊಂದು ಪಕ್ಷ ಬದಲಿಸುವುದು ಹೇಗೆ, ಅದನ್ನು ಮುಂಚಿತವಾಗಿ ಅರಿಯಲು ಸಾಧ್ಯವೇ ಎಂಬ ಪ್ರಶ್ನೆಗೆ ಪೆನ್ಸಿಲ್ವೇನಿಯಾಕ್ಕಿಂತ ಚೆನ್ನಾದ ಉತ್ತರ ತಮ್ಮ ಅಂಗಳದಲ್ಲಿಯೇ ಅವರಿಗೆ ದೊರೆಯುತ್ತಿತ್ತು. ಆ ಕಾರಣದಿಂದ ಈ ವಿಷಯವನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ರಾಜ್ಯದ ಮಾತು. 1985ರ ತರುವಾಯ ಕರ್ನಾಟಕದಲ್ಲಿ ಆಳುತ್ತಿದ್ದ ಪಕ್ಷವು ವಿಧಾನಸಭಾ ಚುನಾವಣೆಯಲ್ಲಿ ಬಹುಮತದೊಡನೆ ಮರಳಿ ಬಂದದ್ದಿಲ್ಲ. 1989ರಲ್ಲಿ ಕಾಂಗ್ರೆಸ್, 1994ರಲ್ಲಿ ಜನತಾದಳ, 1999ರಲ್ಲಿ ಮತ್ತೆ ಕಾಂಗ್ರೆಸ್, 2008ರಲ್ಲಿ ಭಾರತೀಯ ಜನತಾ ಪಕ್ಷ, 2013ರಲ್ಲಿ ಕಾಂಗ್ರೆಸ್, ಹೀಗೆ ಅಧಿಕಾರವು ಕೈಯಿಂದ ಕೈಗೆ ಹೋಗುತ್ತಲೇ ಬಂದಿದೆ. ಇದನ್ನು ಕಂಡವರು, ಕನ್ನಡಿಗರು ಆಳುವವರ ಮೇಲೆ ಬೇಗ ಬೇಸರಪಡುವ ಜನ, ಐದು ವರ್ಷಕ್ಕೊಮ್ಮೆ ಸಾರಾಸಗಟಾಗಿ ಮನಸ್ಸು ಬದಲಿಸುವರು ಎಂದು ತೀರ್ಮಾನಿಸಿಬಿಡುತ್ತಾರೆ. ಅಂಕಿಗಳಾದರೋ ಬೇರೆಯೇ ಕಥೆಯನ್ನು ಹೇಳುತ್ತವೆ. 2013ರಲ್ಲಿ ಕಾಂಗ್ರೆಸ್ಸಿಗೆ ಬಂದ ಮತ ಶೇಕಡಾ 36.6; ಸ್ಥಾನಗಳು 122; ಅಧಿಕಾರ ದೊರೆಯಿತು. 2018ರಲ್ಲಿ ಅದೇ ಪಕ್ಷದ ಮತ ಶೇಕಡಾ 38.1ಕ್ಕೆ ಏರಿತು; ಸ್ಥಾನಗಳು 80ರ ಆಸುಪಾಸಿಗೆ ಇಳಿದುವು. ಹೆಚ್ಚು ಜನರು ಒಲಿದ ವರ್ಷವೇ ಸೋಲು ಬಂದುದಕ್ಕೆ ಕಾರಣ, 2013ರಲ್ಲಿ ಭಾರತೀಯ ಜನತಾ ಪಕ್ಷದ ಮತಗಳು ಶ್ರೀ ಯಡಿಯೂರಪ್ಪನವರ ಕೆಜೆಪಿಗೂ ಶ್ರೀ ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ಸಿಗೂ ಹರಿದು ಮೂರು ಪಾಲಾಗಿದ್ದುವು. 2018ರ ಹೊತ್ತಿಗೆ ಆ ಮೂರು ಪಾಲುಗಳು ಮತ್ತೆ ಒಂದಾಗಿದ್ದುವು. ಇನ್ನು 2023ನ್ನು ನೋಡಿರಿ. ಭಾರತೀಯ ಜನತಾ ಪಕ್ಷದ ಮತ 2018ರಲ್ಲಿ ಶೇಕಡಾ 36.3 ಇದ್ದುದು 2023ರಲ್ಲಿ 36.0, ಕದಲಿಲ್ಲವೆಂದೇ ಹೇಳಬೇಕು. ಆದರೂ ಅದರ ಸ್ಥಾನಗಳು 104ರಿಂದ 66ಕ್ಕೆ ಕುಸಿದುವು. ಕದಲಿದ್ದು ಮೂರನೆಯ ಪಕ್ಷ: ಜಾತ್ಯತೀತ ಜನತಾದಳದ ಮತ ಶೇಕಡಾ 18.3ರಿಂದ 13.3ಕ್ಕೆ ಇಳಿಯಿತು, ಕಾಂಗ್ರೆಸ್ಸಿನ ಮತ 42.9ಕ್ಕೆ ಏರಿತು, 135 ಸ್ಥಾನಗಳು ಅದರ ಪಾಲಾದುವು.

ಕ್ಷೇತ್ರದ ಭವಿಷ್ಯವನ್ನು ಹೇಳಬಯಸುವವನು ಗೆದ್ದವನಿಗಿಂತಲೂ ಸೋತವನಿಗಿಂತಲೂ ಮೊದಲಾಗಿ ಮೂರನೆಯವನನ್ನು ನೋಡಬೇಕು. ನಾನು ಈ ವಿಷಯದಲ್ಲಿ ಕಂಡುಕೊಂಡ ಮುಖ್ಯ ಸಂಗತಿ ಇದೇ. ಉಳಿದುದೆಲ್ಲ ಇದರ ವಿವರಣೆ.

ನಮ್ಮ ಜನರು ಮುನ್ಸೂಚನೆಗಾಗಿ ಹುಡುಕುವುದು ಮತ್ತೊಂದು ದಾರಿಯನ್ನು. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಯಾವ ಪಕ್ಷ ಗೆಲ್ಲುವುದೋ ಆ ಪಕ್ಷವೇ ರಾಜ್ಯವನ್ನಾಳುವುದೆಂಬ ಪ್ರತೀತಿ ದಶಕಗಳ ಕಾಲ ನಡೆದುಬಂದಿತ್ತು. ಪತ್ರಿಕೆಗಳು ಪ್ರತಿ ಚುನಾವಣೆಯಲ್ಲಿಯೂ ಅದನ್ನು ಬರೆಯುತ್ತಿದ್ದುವು. 2023ರಲ್ಲಿ ಶಿರಹಟ್ಟಿ ಭಾರತೀಯ ಜನತಾ ಪಕ್ಷವನ್ನು ಆರಿಸಿತು, ಬೆಂಗಳೂರಿನಲ್ಲಿ ಕಾಂಗ್ರೆಸ್ ಸರ್ಕಾರ ಬಂದಿತು. ಅಮೆರಿಕಾದಲ್ಲಿಯೂ ಮೇನ್ ರಾಜ್ಯ ಹೋದತ್ತ ದೇಶ ಹೋಗುವುದೆಂಬ ನಂಬಿಕೆ ಬಹುಕಾಲವಿದ್ದು, 1936ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಅವರು ಮೇನ್ ಮತ್ತು ವರ್ಮಾಂಟ್‌ಗಳನ್ನುಳಿದು ದೇಶವನ್ನೆಲ್ಲ ಗೆದ್ದಾಗ ಅಳಿಯಿತು. ಶಕುನವನ್ನು ನಂಬಿದವರಿಗೆ ಕ್ಷೇತ್ರದೊಳಗಿನ ಜನ ಕಾಣಿಸುವುದಿಲ್ಲ, ಕ್ಷೇತ್ರದ ಹೆಸರು ಮಾತ್ರ ಕಾಣಿಸುತ್ತದೆ.

ಈಗ ಕೊಡಗಿಗೆ ಬರುತ್ತೇನೆ. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದ ನೆನಪು ಇಂದಿನ ಹಿರಿಯರಲ್ಲಿ ಕೆಲವರಿಗಾದರೂ ಇದ್ದೀತು. 1952ರ ಚುನಾವಣೆಯಲ್ಲಿ, ಎರಡು ಲಕ್ಷಕ್ಕಿಂತ ಸ್ವಲ್ಪ ಮಿಕ್ಕ ಜನಸಂಖ್ಯೆಯ ಈ ನಾಡಿಗೆ 24 ಸ್ಥಾನಗಳ ವಿಧಾನಸಭೆಯಿತ್ತು. ಹತ್ತು ಸಾವಿರ ಜನರಿಗೊಬ್ಬ ಪ್ರತಿನಿಧಿ ಎಂಬಂತೆ. ನಾಡು ಪ್ರತ್ಯೇಕವಾಗಿಯೇ ಉಳಿಯಬೇಕೆ, ಮೈಸೂರಿನೊಡನೆ ಸೇರಬೇಕೆ ಎಂಬುದೇ ಅಂದಿನ ಮುಖ್ಯ ವಿವಾದ. ಸೇರ್ಪಡೆಯ ಪರವಾಗಿದ್ದ ಕಾಂಗ್ರೆಸ್ ಒಂದು ಕಡೆ. ಗಾಂಧೀವಾದಿಗಳೆಂದು ಹೆಸರಾದ ಶ್ರೀ ಪಂದ್ಯಂಡ ಬೆಳ್ಯಪ್ಪನವರ ನೇತೃತ್ವದಲ್ಲಿ, ತಕ್ಕಡಿಯನ್ನು ಚಿಹ್ನೆಯಾಗಿ ಹಿಡಿದು, ಅದರಿಂದಲೇ ತಕ್ಕಡಿ ಪಕ್ಷವೆಂದು ಕರೆಯಿಸಿಕೊಂಡವರು ಇನ್ನೊಂದು ಕಡೆ. ಆ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅಂಟಿಸಿದ ಚಿಹ್ನೆಯನ್ನು ನೋಡಿ ಮತದಾರನು ತನ್ನ ಚೀಟಿಯನ್ನು ಹಾಕಬೇಕು. ಕಾಂಗ್ರೆಸ್ಸಿಗೆ 15 ಸ್ಥಾನಗಳು, ತಕ್ಕಡಿಯವರನ್ನೊಳಗೊಂಡ ಪಕ್ಷೇತರರಿಗೆ 9. ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಇಪ್ಪತ್ತನಾಲ್ಕು ಪ್ರತಿನಿಧಿಗಳಿದ್ದ ನಾಡಿಗೆ ಇಂದು, ಜನಸಂಖ್ಯೆ ಐದೂವರೆ ಲಕ್ಷವನ್ನು ದಾಟಿರುವಾಗ, ಇಬ್ಬರು ಮಾತ್ರ. ಆದುದರಿಂದಲೇ ಇಲ್ಲಿನ ಒಂದೊಂದು ಸ್ಥಾನದ ಏರಿಳಿತವೂ ಜನರ ಮನಸ್ಸಿನಲ್ಲಿ ಅಷ್ಟು ಭಾರವಾಗಿ ಕುಳಿತಿದೆ.

ಪಕ್ಷ ಬದಲಿಸುವ ಧೈರ್ಯ ಕೊಡಗಿಗೆ ಹೊಸದಲ್ಲ. 1983ರಲ್ಲಿ ನಮ್ಮವರೇ ಆದ ಶ್ರೀ ಆರ್. ಗುಂಡೂರಾಯರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಅಂತಹವರು ತಮ್ಮ ಸ್ವಂತ ಸೋಮವಾರಪೇಟೆ ಕ್ಷೇತ್ರದಲ್ಲಿಯೇ ಜನತಾ ಪಕ್ಷದ ಶ್ರೀ ಬಿ. ಎ. ಜೀವಿಜಯ ಅವರಿಂದ ಪರಾಭವಗೊಂಡರು. ಆ ವರ್ಷವೇ ಕರ್ನಾಟಕದಲ್ಲಿ ಮೊತ್ತಮೊದಲಾಗಿ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಅಧಿಕಾರದ ಶಿಖರದಲ್ಲಿದ್ದವರಿಗೂ ಸ್ವಂತ ಊರಿನ ಮತ ಖಾತರಿಯಲ್ಲವೆಂಬುದನ್ನು ಈ ಜಿಲ್ಲೆ ನಾಡಿಗೆಲ್ಲ ತೋರಿಸಿಕೊಟ್ಟಿತು.

2008ರ ಪುನರ್ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಇಲ್ಲವಾಯಿತು. ಬಹುಕಾಲ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದ್ದ ವಿರಾಜಪೇಟೆ ಸಾಮಾನ್ಯ ಕ್ಷೇತ್ರವಾಯಿತು. ಅಲ್ಲಿಂದ ಮೂರು ಚುನಾವಣೆಗಳಲ್ಲಿ ಮಡಿಕೇರಿಯಿಂದ ಶ್ರೀ ಅಪ್ಪಚ್ಚು ರಂಜನ್, ವಿರಾಜಪೇಟೆಯಿಂದ ಶ್ರೀ ಕೆ. ಜಿ. ಬೋಪಯ್ಯ, ಇಬ್ಬರೂ ಭಾರತೀಯ ಜನತಾ ಪಕ್ಷದವರು, ಗೆದ್ದುಬಂದರು. 2013ರಲ್ಲಿ ರಾಜ್ಯದಲ್ಲೆಲ್ಲ ಆ ಪಕ್ಷ ನೆಲಕಚ್ಚಿದಾಗಲೂ ಕೊಡಗು ಅಲುಗಲಿಲ್ಲ. ಅಂತರವಾದರೋ ಎರಡು ಕಡೆಯೂ ಐದು ಸಾವಿರದೊಳಗೆ ಇದ್ದಿತು. 2018ರಲ್ಲಿ ವಿರಾಜಪೇಟೆಯ ಅಂತರ 13 ಸಾವಿರಕ್ಕೂ ಮಡಿಕೇರಿಯದು 16 ಸಾವಿರಕ್ಕೂ ಬೆಳೆಯಿತು. ಇದನ್ನು ಕಂಡವರು, ಕೊಡಗು ಇನ್ನು ಒಂದು ಪಕ್ಷದ ಭದ್ರಕೋಟೆ, ಇಲ್ಲಿ ಲೆಕ್ಕ ಹಾಕುವ ಅವಶ್ಯಕತೆಯೇ ಇಲ್ಲ ಎಂದರು. 2023ರ ಮೇ ತಿಂಗಳಿನಲ್ಲಿ ಎರಡು ಕ್ಷೇತ್ರಗಳೂ ಕಾಂಗ್ರೆಸ್ಸಿನ ಪಾಲಾದುವು: ವಿರಾಜಪೇಟೆಯಲ್ಲಿ ಶ್ರೀ ಎ. ಎಸ್. ಪೊನ್ನಣ್ಣ, ಮಡಿಕೇರಿಯಲ್ಲಿ ಡಾ. ಮಂತರ್ ಗೌಡ. ಇಬ್ಬರ ಅಂತರವೂ ಐದು ಸಾವಿರಕ್ಕಿಂತ ಕಡಿಮೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸೋತ ಇಬ್ಬರು ಹಿರಿಯರೂ, ತಾವು 2018ರಲ್ಲಿ ಗೆದ್ದಾಗ ಪಡೆದಿದ್ದುದಕ್ಕಿಂತ ಹೆಚ್ಚು ಮತಗಳನ್ನು 2023ರಲ್ಲಿ ಪಡೆದರು. ಶ್ರೀ ರಂಜನ್ ಅವರ ಮತಗಳು 70 ಸಾವಿರ ಚಿಲ್ಲರೆಯಿಂದ 80 ಸಾವಿರ ಚಿಲ್ಲರೆಗೆ ಏರಿದುವು. ಶ್ರೀ ಬೋಪಯ್ಯನವರವು ಸುಮಾರು 78 ಸಾವಿರದಿಂದ ಎಪ್ಪತ್ತೊಂಬತ್ತೂವರೆ ಸಾವಿರಕ್ಕೆ. ಜನರು ಅವರನ್ನು ಕೈಬಿಟ್ಟರೆಂದು ಹೇಳಲು ಈ ಅಂಕಿಗಳು ಎಡೆಗೊಡುವುದಿಲ್ಲ. ಹಾಗಾದರೆ ನಡೆದುದೇನು? ಮಡಿಕೇರಿಯಲ್ಲಿ 2018ರ ಎರಡನೆಯ ಸ್ಥಾನ ಜನತಾದಳದ ಶ್ರೀ ಜೀವಿಜಯ ಅವರದು, ಕಾಂಗ್ರೆಸ್ ಮೂರನೆಯದು, ಆ ಇಬ್ಬರ ಮತಗಳನ್ನು ಕೂಡಿಸಿದರೆ ಗೆದ್ದವರ ಮತಗಳನ್ನು ಮೀರಿ ಇಪ್ಪತ್ತು ಸಾವಿರಕ್ಕೂ ಹೆಚ್ಚಾಗುತ್ತಿದ್ದುವು. ಅಂದರೆ ಭದ್ರಕೋಟೆಯೆಂದು ನಾವು ಕರೆದುದು, ಎದುರಿನ ಮತಗಳು ಇಬ್ಭಾಗವಾಗಿದ್ದ ಕಾಲದ ಒಂದು ಸ್ಥಿತಿ ಮಾತ್ರ. 2023ರಲ್ಲಿ ಆ ಭಾಗಗಳು ಬಹುಮಟ್ಟಿಗೆ ಒಂದುಗೂಡಿದುವು. ಇದರ ಸೂಚನೆ ಮುಂಚೆಯೇ ದೊರೆತಿತ್ತೆಂದು ನನ್ನ ಅಭಿಪ್ರಾಯ: 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಇದೇ ಡಾ. ಮಂತರ್ ಗೌಡರು ಸುಮಾರು ನೂರು ಮತಗಳಿಂದ ಮಾತ್ರ ಸೋತಿದ್ದರು. ಅಲ್ಲಿ ಮತ ಹಾಕುವ ಗ್ರಾಮ ಪಂಚಾಯಿತಿಯ ಸದಸ್ಯರು ಗಾಳಿ ಬೀಸುವ ದಿಕ್ಕನ್ನು ಶಾಸಕರಿಗಿಂತ ಮುಂಚೆ ಬಲ್ಲರು. ವಿರಾಜಪೇಟೆಯ ವಿಷಯದಲ್ಲಿ ಇನ್ನೊಂದು ಮಾತು: ಅಲ್ಲಿ ಗೆದ್ದ ಪೊನ್ನಣ್ಣನವರು, ಕರ್ನಾಟಕದಲ್ಲಿ ಭಾರತೀಯ ಜನತಾ ಪಕ್ಷದ ಪ್ರಥಮ ಅಧ್ಯಕ್ಷರಾಗಿದ್ದು ತರುವಾಯ ಆ ಪಕ್ಷವನ್ನು ತೊರೆದ ಶ್ರೀ ಎ. ಕೆ. ಸುಬ್ಬಯ್ಯನವರ ಪುತ್ರರು. ಪಕ್ಷದ ಹೆಸರಿಗಿಂತ ಮನೆತನದ ಹೆಸರನ್ನು ಮೊದಲು ಕೇಳುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಷ್ಟಾದ ಮೇಲೆ ಒಂದು ವರ್ಷ ತುಂಬುವುದರೊಳಗೆ, 2024ರ ಏಪ್ರಿಲಿನಲ್ಲಿ, ಲೋಕಸಭೆಗೆ ಮತದಾನ ನಡೆಯಿತು. ಮೈಸೂರು–ಕೊಡಗು ಕ್ಷೇತ್ರವನ್ನು ಭಾರತೀಯ ಜನತಾ ಪಕ್ಷದ ಶ್ರೀ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರು ಸುಮಾರು 1 ಲಕ್ಷ 39 ಸಾವಿರ ಮತಗಳ ಅಂತರದಿಂದ ಗೆದ್ದರು. ಇದನ್ನು ಚಂಚಲತೆಯೆಂದು ಹಳಿಯುವವರಿಗೆ ನಾನು 1984 ಮತ್ತು 1985ನ್ನು ನೆನಪಿಗೆ ತರುತ್ತೇನೆ. 1984ರ ಡಿಸೆಂಬರಿನಲ್ಲಿ ಕನ್ನಡಿಗರು ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಜನರ ವಿಶ್ವಾಸ ತಮಗಿಲ್ಲವೆಂದು ಭಾವಿಸಿ ಮುಖ್ಯಮಂತ್ರಿ ಶ್ರೀ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನರು, ಅದೇ ಮತಗಟ್ಟೆಗಳಲ್ಲಿ, 224 ಸ್ಥಾನಗಳ ಪೈಕಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟು ಅವರನ್ನು ಮರಳಿ ಕೂರಿಸಿದರು. ದಿಲ್ಲಿಗೆ ಯಾರು ಬೇಕು, ಬೆಂಗಳೂರಿಗೆ ಯಾರು ಬೇಕು ಎಂಬುದನ್ನು ಬೇರೆಬೇರೆಯಾಗಿ ತೂಗಿ ನೋಡಬಲ್ಲ ಮತದಾರನು ಚಂಚಲನಲ್ಲ. ಪ್ರಜಾಪ್ರಭುತ್ವ ಬಯಸುವ ವಿವೇಕಶಾಲಿ ಅವನೇ. ಒಂದು ಚುನಾವಣೆಯ ಫಲವನ್ನು ಇನ್ನೊಂದಕ್ಕೆ ನೇರವಾಗಿ ಅನ್ವಯಿಸಿ ಭವಿಷ್ಯ ನುಡಿಯುವವರು ಈ ವಿವೇಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಲೆಯೆಂಬ ಮಾತನ್ನು ನಾವು ಬಹಳ ಬಳಸುತ್ತೇವೆ; ರಾಜ್ಯದಲ್ಲಿ ಅಲೆಯೆದ್ದರೆ ಎಲ್ಲ ಕ್ಷೇತ್ರಗಳಲ್ಲಿಯೂ ಸಮನಾಗಿ ಏಳುವುದೆಂದು ಭಾವಿಸುತ್ತೇವೆ. ನಮ್ಮ ಕಾಫಿ ಬೆಳೆಗಾರನು ಹೀಗೆ ಭಾವಿಸಿ ಬದುಕಲಾರ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಂದಿತೆ, ಅದರ ಹಿಂದೆ ಬ್ಯಾಕಿಂಗ್ ಮಳೆ ಬಂದಿತೆ ಎಂಬುದರ ಮೇಲೆ ಮುಂದಿನ ಫಸಲನ್ನು ಅವನು ಎಣಿಸಬೇಕು. ಜಿಲ್ಲೆಗೆ ಸರಾಸರಿ ಒಂದು ಇಂಚು ಬಿದ್ದಿತೆಂಬ ವಾರ್ತೆ ಅವನ ಉಪಯೋಗಕ್ಕೆ ಬಾರದು. ಕಕ್ಕಬೆಯ ಮಳೆ ಕುಶಾಲನಗರದಲ್ಲಿಲ್ಲ, ಹೊಳೆಯ ಈಚೆ ಬಿದ್ದುದು ಆಚೆ ಬೀಳದೆ ಹೋಗುವುದುಂಟು. ಅವನು ನೋಡುವುದು ತನ್ನ ಅಂಗಳದ ಮಳೆಮಾಪಕದಲ್ಲಿ ಎಷ್ಟು ಸೆಂಟು, ಎಂದರೆ ಇಂಚಿನ ನೂರನೆಯ ಎಷ್ಟು ಭಾಗ, ನಿಂತಿದೆ ಎಂಬುದನ್ನು. ರಾಜ್ಯದ ಸರಾಸರಿಯಿಂದ ಕ್ಷೇತ್ರವನ್ನು ಅಳೆಯುವವರಿಗೂ ಇದೇ ಮಾತನ್ನು ಹೇಳಬೇಕಾಗಿದೆ. 2013ರಲ್ಲಿ ರಾಜ್ಯದ ಅಲೆ ಕೊಡಗನ್ನು ಮುಟ್ಟಲಿಲ್ಲ, 2023ರಲ್ಲಿ ಮುಟ್ಟಿತು.

ಕ್ಷೇತ್ರದ ಮಳೆಮಾಪಕ ಯಾವುದೆಂದು ಕೇಳಿದರೆ ಬೂತ್ ಎನ್ನುತ್ತೇನೆ. ಮತದಾನದ ದಿನ, ಮತಗಟ್ಟೆಯಿಂದ ನಿಯಮವಿಧಿಸಿದಷ್ಟು ದೂರದಲ್ಲಿ ಮೇಜು ಹಾಕಿಕೊಂಡು ಕುಳಿತಿರುವ ಪಕ್ಷದ ಕಾರ್ಯಕರ್ತನ ಮುಂದಿನ ಮತದಾರರ ಪಟ್ಟಿಯನ್ನು ತಾವು ನೋಡಿದ್ದೀರಷ್ಟೆ. ಒಂದು ಪುಟಕ್ಕೆ ಮೂವತ್ತು ಹೆಸರು. ಕೆಲವು ಹೆಸರುಗಳ ಮುಂದೆ ಸರಿಗುರುತು, ಕೆಲವಕ್ಕೆ ಅಡ್ಡಗೆರೆ, ಪುಟಕ್ಕೆ ಮೂರೋ ನಾಲ್ಕೋ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಯ ಚಿಹ್ನೆ. ಒಂದೇ ಒಕ್ಕದ, ಎಂದರೆ ಒಂದೇ ಮನೆತನದ, ಅಣ್ಣ ಯಾರ ಕಡೆ, ತಮ್ಮ ಯಾರ ಕಡೆ, ಬೆಂಗಳೂರಿನಲ್ಲಿರುವ ಮಗ ಮತ ಹಾಕಲು ಬರುವನೇ ಇಲ್ಲವೇ, ಮೂರನೆಯ ಪಕ್ಷದಲ್ಲಿದ್ದ ಚಿಕ್ಕಪ್ಪ ಈ ಸಲ ಎಲ್ಲಿಗೆ ಹೋಗುವರು ಎಂಬುದನ್ನು ಅವನು ಬಲ್ಲ. ಸಂಜೆ ಐದು ಗಂಟೆಯ ಹೊತ್ತಿಗೆ ಆ ಪ್ರಶ್ನೆಚಿಹ್ನೆಗಳಲ್ಲಿ ಎಷ್ಟು ಮಂದಿ ಬಂದರು, ಬಂದವರು ಯಾರೊಡನೆ ಜೀಪಿನಿಂದಿಳಿದರು ಎಂಬುದರ ಮೇಲೆ ಅವನು ಹೇಳುವ ಲೀಡ್, ದೂರದ ದೂರದರ್ಶನಗಳ ಎಣಿಕೆಗಿಂತ ಸತ್ಯಕ್ಕೆ ಸಮೀಪವಾಗಿರುವುದೇ ಹೆಚ್ಚು. ಎಣಿಕೆ ಮುಗಿದ ಮೇಲೆ ಪ್ರಕಟವಾಗುವ ಬೂತುವಾರು ಪಟ್ಟಿಯನ್ನು ಅವನ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ಒಳ್ಳೆಯ ಪಾಠ ಈ ವಿದ್ಯೆಯಲ್ಲಿ ಬೇರೊಂದಿಲ್ಲ.

ಆದರೆ ಆ ಕಾರ್ಯಕರ್ತನಿಗೂ ಕಾಣದ ಒಂದು ವರ್ಗವಿದೆ, ಅದು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳದು. ಒಂದು ವರ್ಗವನ್ನು ಎಣಿಕೆಯಿಂದ ಬಿಟ್ಟರೆ ಏನಾಗುವುದೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1936ರಲ್ಲಿಯೇ ಅಮೆರಿಕಾದ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಪ್ರಶ್ನಪತ್ರ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಮಿಕ್ಕ ಉತ್ತರಗಳನ್ನು ಪಡೆದು, ರೂಸ್ವೆಲ್ಟ್ ಸೋಲುವರೆಂದು ಸಾರಿತು. ದೂರವಾಣಿಯೂ ಮೋಟಾರು ಗಾಡಿಯೂ ಉಳ್ಳವರ ಪಟ್ಟಿಗಳಿಂದ ಹೆಸರುಗಳನ್ನು ಆರಿಸಿದ್ದರಿಂದ, ಬಡವನ ಮನಸ್ಸು ಆ ಎಣಿಕೆಯೊಳಗೆ ಬರಲೇ ಇಲ್ಲ. ಜಾರ್ಜ್ ಗ್ಯಾಲಪ್ ಅವರು ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು, ಆದರೆ ಎಲ್ಲ ಬಗೆಯ ಜನರನ್ನು, ಕೇಳಿ ಸರಿಯಾದ ಫಲವನ್ನು ಹೇಳಿದರು. ನಮ್ಮಲ್ಲಿ ಬಂದು ಕೇಳುವವರು ನಾಪೋಕ್ಲುವಿನ ಪೇಟೆಯಲ್ಲಿಯೋ ವಿರಾಜಪೇಟೆಯ ಬಸ್ ನಿಲ್ದಾಣದಲ್ಲಿಯೋ ಹತ್ತು ಜನರನ್ನು ಕಂಡು ಹಿಂತಿರುಗುವರು. ಯರವರು, ಕುರುಬರು, ಕುಡಿಯರು ಇರುವ ಹಾಡಿಗಳಿಗೂ ಲೈನ್ ಮನೆಗಳಿಗೂ ಹೋಗಿ, ದಿನದ ಕೂಲಿ ಮುಗಿಸಿ ಬಂದ ಹೆಣ್ಣುಮಗಳನ್ನು, ಕಾಡಾನೆಯ ಭಯದಿಂದ ಹೊತ್ತು ಮುಳುಗುವ ಮುನ್ನ ಕದವಿಕ್ಕಿಕೊಳ್ಳುವ ಮುದುಕನನ್ನು, 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡವನನ್ನು ಕೇಳಿದವರೆಷ್ಟು ಮಂದಿ? ಅವರ ಮತವೂ ಒಂದೇ, ತೋಟದ ಮಾಲೀಕನ ಮತವೂ ಒಂದೇ.

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ನನ್ನ ಎಣಿಕೆಯನ್ನು ಮರೆಮಾಚದೆ ಹೇಳುವುದಾದರೆ, ಈ ಎರಡು ಕ್ಷೇತ್ರಗಳೂ ಯಾವ ಪಕ್ಷದ ಆಸ್ತಿಯೂ ಅಲ್ಲ. ಎರಡೂ ಅಲ್ಪ ಅಂತರದಲ್ಲಿಯೇ ತೀರ್ಮಾನವಾಗುವುವು. 2023ರ ಸೆಪ್ಟೆಂಬರಿನಲ್ಲಿ ಕೂಡಿದ ಭಾರತೀಯ ಜನತಾ ಪಕ್ಷ ಮತ್ತು ಜನತಾದಳಗಳ ಮೈತ್ರಿ ಅಂದಿನವರೆಗೆ ಬಾಳಿದರೆ, ಮಡಿಕೇರಿಯಲ್ಲಿ ದಳದ ಹಳೆಯ ಮತಗಳು ಎತ್ತ ಸಾಗುವುವೆಂಬುದನ್ನು ಮೊದಲು ವಿಚಾರಿಸಬೇಕು. ವಿರಾಜಪೇಟೆಯಲ್ಲಿ ಮನೆಮನೆಗಳ ಒಲವನ್ನೂ ಹಾಡಿಗಳ ಮತದಾನದ ಪ್ರಮಾಣವನ್ನೂ ನೋಡಬೇಕು. ಈ ವಿಚಾರಣೆಯಿಲ್ಲದೆ ಇಂದೇ ಗೆಲುವನ್ನು ಯಾರಿಗಾದರೂ ಬರೆದುಕೊಡುವವರ ಮಾತನ್ನು ನಂಬಲಾಗದು.

ಒಂದು ಲೆಕ್ಕವನ್ನು ಮಾತ್ರ ತಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಐದು ಸಾವಿರದೊಳಗಿನ ಅಂತರವನ್ನು ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿಗೆ ಹಂಚಿದರೆ ಒಂದೊಂದಕ್ಕೆ ಇಪ್ಪತ್ತೈದು ಮತಗಳೂ ಬರುವುದಿಲ್ಲ. ಪ್ರತಿ ಮತಗಟ್ಟೆಯಲ್ಲಿ ಹನ್ನೆರಡು ಹದಿಮೂರು ಮಂದಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಫಲವೇ ಬೇರೆಯಾಗುತ್ತಿತ್ತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿರುವವರು ನಮ್ಮ ಒಂದೊಂದು ಊರಿನಲ್ಲಿಯೂ ಅದಕ್ಕಿಂತ ಹೆಚ್ಚು ಮಂದಿ ಇದ್ದಾರು: ಮದುವೆಯಾಗಿ ಬೇರೆ ನಾಡಿನಿಂದ ಬಂದ ಸೊಸೆಯಂದಿರು, ಹದಿನೆಂಟು ತುಂಬಿದ ಮಕ್ಕಳು, ಒಂದು ತೋಟದಿಂದ ಇನ್ನೊಂದಕ್ಕೆ ಹೋದ ಕಾರ್ಮಿಕರು. ಹೊಸದಾಗಿ ಸೇರಲು ನಮೂನೆ 6, ವಾಸಸ್ಥಳ ಬದಲಾದವರಿಗೆ ನಮೂನೆ 8. ತಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಎರಡೂ ದೊರೆಯುತ್ತವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲನೆಯ ದಿನಕ್ಕೆ ಹದಿನೆಂಟು ತುಂಬಿದವರೆಲ್ಲರೂ ಅರ್ಹರು. ತೋಟವುಳ್ಳವರು ತಮ್ಮ ಲೈನ್ ಮನೆಗಳವರ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಈ ವರ್ಷವೇ ವಿಚಾರಿಸಿ, ಇಲ್ಲದಿದ್ದರೆ ಸೇರಿಸಲು ನೆರವಾಗಬೇಕೆಂದೂ, ಮತದಾನದ ದಿನ ಅವರಿಗೆ ಕೂಲಿಸಹಿತವಾದ ರಜೆಯನ್ನು ತಪ್ಪದೆ ಕೊಡಬೇಕೆಂದೂ ನಾನು ಕೈಮುಗಿದು ಬೇಡಿಕೊಳ್ಳುತ್ತೇನೆ.